ಅಮೆರಿಕದ ಲಕ್ಷ್ಮಿಯ ಬೆನ್ನು

ಲೋಕದಲ್ಲಿ ಅಳಿಯಂದಿರು ಬಗೆಬಗೆಯವರು. ಕೆಲವರನ್ನು ಕಂಡರೆ ಅತ್ತೆಯಂದಿರು ಹೆದರುತ್ತಾರೆ, ಕೆಲವರನ್ನು ಕಂಡರೆ ಬೀಗುತ್ತಾರೆ, ಇನ್ನು ಕೆಲವರನ್ನು ಕಂಡರೆ ಅಡುಗೆಮನೆಗೆ ಹೋಗಿ ಮಗಳ ಹತ್ತಿರ ಪಿಸುಗುಟ್ಟುತ್ತಾರೆ. ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ಸದಾನಂದನನ್ನು ಕಂಡಾಗ ಅವನ ಅತ್ತೆ ಸರೋಜಿನಮ್ಮನವರು ಇದಾವುದನ್ನೂ ಮಾಡುತ್ತಿರಲಿಲ್ಲ. "ಪಾಪ" ಎನ್ನುತ್ತಿದ್ದರು.

ಅದರಲ್ಲಿ ತಾತ್ಸಾರವಿರಲಿಲ್ಲ. ತಾತ್ಸಾರವಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತುಂಬು ಪ್ರೀತಿಯಿಂದ, ಬಹುವಚನ ಕೊಟ್ಟು ಮಗಳಿಗೆ ಹೇಳುತ್ತಿದ್ದರು. "ಪಾಪ, ಅಳಿಯಂದಿರು ದಣಿದು ಬಂದಿದ್ದಾರೆ." "ಪಾಪ, ಅಳಿಯಂದಿರಿಗೆ ಎಂತ ಗೊತ್ತಾಗ್ತದೆ, ನೀನೇ ನೋಡು ಮಯೂರಿ." ಕಾರು ನಿಲ್ಲಿಸುವಾಗ ಕಂಬಕ್ಕೆ ತಗುಲಿಸಿದರೂ ಪಾಪ, ತಗುಲಿಸದೆ ನಿಲ್ಲಿಸಿದರೂ ಪಾಪ. ತವರು ಕಾರ್ಕಳ ಬಿಟ್ಟು ಮೈಸೂರಿಗೆ ಸೊಸೆಯಾಗಿ ಬಂದು ಅರ್ಧ ಶತಮಾನವಾದರೂ ಸರೋಜಿನಮ್ಮನವರು ತಮ್ಮ 'ಎಂತ'ವನ್ನು ಬಿಟ್ಟಿರಲಿಲ್ಲ. ಅಳಿಯನಿಗೆ ಅಂಟಿಸಿದ 'ಪಾಪ'ವನ್ನು ಬಿಡುವ ಸೂಚನೆಯೂ ಇರಲಿಲ್ಲ.

ಸದಾನಂದನ ಉದ್ಯೋಗ ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅದರಲ್ಲಿ ಅವನು ನಿಪುಣ. ಅವನ ಬಾಯಿಂದ ಹೊರಡುವ ಮಾತಿನಲ್ಲಿ ತಪ್ಪು ಹುಡುಕುವುದಕ್ಕೆ ಮಾತ್ರ ಯಾರನ್ನೂ ನೇಮಿಸಿರಲಿಲ್ಲ. ಈ ಕಥೆಗೆಲ್ಲ ಕಾರಣ ಅದೇ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಭಾನುವಾರ, ಎಂದಿನಂತೆ ಮೂವರು ಗೆಳೆಯರು ಮನೆಯ ಹತ್ತಿರ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ರೋಟಿ ಚನಾಯ್ ತಿನ್ನುತ್ತ ಕುಳಿತಿದ್ದರು. ಒಬ್ಬ ಸದಾನಂದ. ಇನ್ನೊಬ್ಬರು ದಂತವೈದ್ಯ ಮಧ್ವರಾಜರು, ಉಡುಪಿಯವರು, ಇಲ್ಲಿನ ಕಾಲೇಜೊಂದರಲ್ಲಿ ಹಲ್ಲಿನ ಪಾಠ ಹೇಳುವವರು. ಮೂರನೆಯವನು ಪುತ್ರಜಯಾದಿಂದ ಬಂದ ಕೀರ್ತಿರಾಜ್. ಕನ್ನಡ ಸಂಘದ ಕಾರ್ಯದರ್ಶಿಯಾದ ಅವನಿಗೆ ಹಳೆಯ ನಾಣ್ಯಗಳ ಹುಚ್ಚು. ಅವತ್ತು ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು, ಹಸುಗೂಸನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟ.

"ಮುಟ್ಟಬೇಡಿ. ಜೋರಾಗಿ ಉಸಿರೂ ಬಿಡಬೇಡಿ. ಅಮೆರಿಕದ ಬೆಳ್ಳಿ ಡಾಲರ್, ಸಾವಿರದ ಎಂಟುನೂರ ಎಂಬತ್ತೊಂಬತ್ತು."

ಡಬ್ಬಿಯೊಳಗೆ ಗುಂಗುರು ಕೂದಲಿನ ಹೆಂಗಸೊಬ್ಬಳ ಮುಖವಿತ್ತು. ತಲೆಗೆ ಟೋಪಿ, ಟೋಪಿಯ ಅಂಚಿಗೆ ಗೋಧಿಯ ತೆನೆ, ಹತ್ತಿಯ ಕಾಯಿ. ಸದಾನಂದ ರೋಟಿ ಕೆಳಗಿಟ್ಟ. ಈ ಹೆಂಗಸನ್ನು ಅವನು ದಿನಾ ಬೆಳಿಗ್ಗೆ ನೋಡುತ್ತಿದ್ದ. ಸ್ವಂತ ಮನೆಯಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡವಳನ್ನು.

"ಈ ಮುಖ ನೋಡಿ ಬೆಲೆ ಹೇಳೋನು ಪೆದ್ದ," ಕೀರ್ತಿರಾಜ್ ಡಬ್ಬಿಯನ್ನು ಮಗುಚಿದ. "ಬೆನ್ನು ನೋಡಬೇಕು. ಇಲ್ಲಿ ಹದ್ದು ಇದೆಯಾ, ಅದರ ಕೆಳಗೆ ಎಲೆಗಳ ಹಾರ ಇದೆಯಾ, ಆ ಹಾರದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಅಕ್ಷರ ಇರತ್ತೆ. ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾಯ್ತು ಅಂತ ಅದು ಹೇಳತ್ತೆ. ನನ್ನದು ಎಸ್, ಸ್ಯಾನ್ ಫ್ರಾನ್ಸಿಸ್ಕೋ. ಓ ಇದ್ರೆ ನ್ಯೂ ಆರ್ಲಿಯನ್ಸ್. ಅಕ್ಷರವೇ ಇಲ್ಲದಿದ್ರೆ ಫಿಲಡೆಲ್ಫಿಯಾ. ಎರಡು ಸಿ ಇದ್ರೆ..." ಅವನು ಕಣ್ಣು ಮುಚ್ಚಿದ. "ಎರಡು ಸಿ ಇದ್ರೆ ಕಾರ್ಸನ್ ಸಿಟಿ. ಅದೇ ವರ್ಷ, ಅದೇ ಬೆಳ್ಳಿ, ಅದೇ ತೂಕ. ಅಕ್ಷರ ಇಲ್ಲದ್ದನ್ನು ಮಾರಿದರೆ ಮನೆಮಂದಿಗೆಲ್ಲ ಒಂದು ಹೋಟೆಲ್ ಊಟ. ಎರಡು ಸಿ ಇರೋದು, ಸವೆಯದೆ ಉಳಿದಿದ್ರೆ, ಒಂದು ಕಾರು."

"ನಮ್ಮ ಹಲ್ಲಿನ ಹಾಗೇ ಮಾರಾಯ್ರೆ," ಎಂದರು ಮಧ್ವರಾಜರು. "ಮುಂದಿನಿಂದ ಎಲ್ಲರದ್ದೂ ಚೆಂದ. ಹಿಂದಿನಿಂದ ನೋಡಿದ್ರೆ ಗೊತ್ತಾಗ್ತದೆ ಬಂಡವಾಳ."

"ಇದು ನಮ್ಮ ಮನೇಲೂ ಇದೆ," ಎಂದ ಸದಾನಂದ.

ಕೀರ್ತಿರಾಜ್ ಅನುಮಾನದಿಂದ ನೋಡಿದ. "ಇದೇ ವರ್ಷದ್ದಾ?"

"ಇದೇ ವರ್ಷದ್ದು."

"ಯಾವ ಅಕ್ಷರ?"

ಇಲ್ಲಿ ಬುದ್ಧಿವಂತನಾದವನು 'ನೋಡಿ ಹೇಳ್ತೀನಿ' ಎನ್ನುತ್ತಾನೆ. ಮನುಷ್ಯಜಾತಿಯ ಅರ್ಧದಷ್ಟು ಕಷ್ಟಗಳು ಈ ಎರಡು ಪದಗಳನ್ನು ಹೇಳದೆ ಇದ್ದುದರಿಂದ ಬಂದಿವೆ. ಸದಾನಂದ ಟೇ ತಾರಿಕ್ ಚಹಾ ಒಂದು ಗುಟುಕು ಹೀರಿ, ಮೀಸೆಯ ನೊರೆ ಒರೆಸಿಕೊಂಡು ಹೇಳಿದ: "ಎರಡು ಸಿ."

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಕೀರ್ತಿರಾಜ್ ಕುರ್ಚಿ ಹಿಂದೆ ಸರಿಸಿದ. "ನಿಜವಾದ್ರೆ, ಹಬ್ಬಕ್ಕೆ ಬಂದು ಎಲ್ಲರ ಮುಂದೆ ನಿಮಗೆ ಶಾಲು ಹೊದಿಸ್ತೀನಿ."

"ಸುಳ್ಳಾದ್ರೆ?" ಎಂದರು ಮಧ್ವರಾಜರು. ಆಮೇಲೆ ತಾವೇ ಸಮಾಧಾನ ಹೇಳಿದರು: "ಸುಳ್ಳಾದ್ರೆ ಎಂತ ಮಾಡ್ಲಿಕ್ಕುಂಟು? ಪಾಪ ಅಂತ ಬಿಟ್ಟುಬಿಡುವ."

ಆ ಪದ ಸದಾನಂದನನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂತು.

ಸರೋಜಿನಮ್ಮನವರ ನಾಣ್ಯದ ಚರಿತ್ರೆ ಮನೆಮಂದಿಗೆಲ್ಲ ಬಾಯಿಪಾಠ. ಅವರ ಅಜ್ಜ ಮಂಗಳೂರು ಬಂದರಿನಲ್ಲಿ ಹೆಂಚು ಹಡಗಿಗೆ ಏರಿಸುವಲ್ಲಿ ಗುಮಾಸ್ತರಾಗಿದ್ದವರು. ಯಾವುದೋ ಹಡಗಿನ ಕಪ್ತಾನ ಅದನ್ನು ಅವರ ಕೈಗಿಟ್ಟು ಹೋಗಿದ್ದ. ಅಜ್ಜ ನೋಡಿದರು: ತಲೆಯಲ್ಲಿ ತೆನೆ ಮುಡಿದ ಹೆಂಗಸು. ಧಾನ್ಯಲಕ್ಷ್ಮಿಯಲ್ಲದೆ ಇನ್ಯಾರು? ಅಲ್ಲಿಂದಾಚೆ ಅವಳು ಪೆಟ್ಟಿಗೆಗೆ ಹೋಗದೆ ದೇವರಮನೆಗೆ ಹೋದಳು. ಸರೋಜಿನಮ್ಮನವರ ಮದುವೆಯ ಹೊತ್ತಿಗೆ ಕಾರ್ಕಳದ ಆಚಾರಿಯಿಂದ ಅವಳ ನೆತ್ತಿಯ ಮೇಲೊಂದು ಬೆಳ್ಳಿಯ ಕೊಂಡಿ ಬೆಸೆಸಿ, ದಾರ ಪೋಣಿಸಿ, ತವರಿನವರು ಮಗಳ ಜೊತೆ ಮೈಸೂರಿಗೆ ಕಳಿಸಿದರು. ಈಗ ಮಗಳ ಮನೆಗೆ ಬರುವಾಗ ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಜೊತೆ ಮಲೇಷ್ಯಾಕ್ಕೂ ಬಂದಿದ್ದಳು. ಶ್ರಾವಣ ಹುಟ್ಟಿದ ದಿನವೇ ಸರೋಜಿನಮ್ಮ ಕಲಶವಿಟ್ಟು, ಅದರ ಕೊರಳಿಗೆ ಅವಳನ್ನು ತೂಗುಹಾಕಿ, ಹಿಂದೆ ರೇಷ್ಮೆಯ ತುಂಡು ಕಟ್ಟಿ, ವ್ರತ ಹಿಡಿದಿದ್ದರು.

ಸದಾನಂದ ಕೈಕಾಲು ತೊಳೆದು, ಎಂದೂ ಇಲ್ಲದ ವಿನಯದಿಂದ ದೇವರ ಮುಂದೆ ನಿಂತ.

"ಅತ್ತೆ, ಇದನ್ನ ಸ್ವಲ್ಪ ತಿರುಗಿಸಿ ನೋಡಬಹುದಾ?"

ಸರೋಜಿನಮ್ಮನವರ ಕೈಯಲ್ಲಿದ್ದ ಹೂಬತ್ತಿ ಕೆಳಗೆ ಬಿತ್ತು. "ಶಿವ ಶಿವಾ! ಲಕ್ಷ್ಮಿಯ ಬೆನ್ನು ನೋಡುವುದಾ? ಅವಳು ಮನೆಗೆ ಬೆನ್ನು ತಿರುಗಿಸಿದ್ರೆ ಉಳಿಯುವುದೆಂತ? ಪೂಜೆ ಮುಗಿದು ಕಲಶ ಕದಲಿಸುವವರೆಗೆ ಅವಳು ದೇವಿ. ಕದಲಿಸಿದ ಮೇಲೆ ಬೆಳ್ಳಿ. ಆಗ ಬೇಕಾದ್ರೆ ಹಿಂದೆ ಮುಂದೆ ಎಲ್ಲ ನೋಡಿ."

"ಹಿಂದೆ ಏನಿದೆ ಅಂತಾದ್ರೂ ಹೇಳಿ ಅತ್ತೆ."

"ಗರುಡ ಉಂಟು. ಲಕ್ಷ್ಮಿಯ ಹಿಂದೆ ಗರುಡ ಅಲ್ಲದೆ ಮತ್ತೆಂತ ಇರ್ತದೆ?"

"ಗರುಡನ ಕೆಳಗೆ?"

"ಗರುಡನ ಕೆಳಗೆ ಎಂತ ಇರ್ತದೆ?" ಸರೋಜಿನಮ್ಮ ಮಗಳ ಕಡೆ ತಿರುಗಿದರು. "ಪಾಪ, ಅಳಿಯಂದಿರಿಗೆ ಬಿಸಿಲು ತಾಗಿರಬೇಕು ಮಯೂರಿ, ಮಜ್ಜಿಗೆ ಕೊಡು."

ಕಲಶ ಕದಲಿಸುವುದು ಹಬ್ಬದ ಮಾರನೆಯ ದಿನ, ಶನಿವಾರ ಬೆಳಿಗ್ಗೆ. ಅಲ್ಲಿಯವರೆಗೆ ಲಕ್ಷ್ಮಿ ಗೋಡೆಗೆ ಬೆನ್ನು ಕೊಟ್ಟು ನಗುತ್ತಿರುವವಳು. ಸದಾನಂದನ ಮಗಳು ತನ್ವಿ ಎಲ್ಲ ಕೇಳಿಸಿಕೊಂಡು, ಫೋನಿನಿಂದ ಕಣ್ಣೆತ್ತದೆ, "ಅಪ್ಪಾ, ಜಸ್ಟ್ ಸೇ ಯು ಡೋಂಟ್ ನೋ ಲಾ," ಎಂದಳು. ಈ ಕಾಲದ ಮಕ್ಕಳಿಗೆ ಮರ್ಯಾದೆ ಎಂಬುದರ ಅರ್ಥವೇ ತಿಳಿಯದು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಸದಾನಂದ ಹೆಂಡತಿಯ ಕೈಗನ್ನಡಿ ಹಿಡಿದು ದೇವರ ಗೂಡಿನ ಮುಂದೆ ಮೊಣಕಾಲೂರಿದ. ಕನ್ನಡಿಯನ್ನು ಕಲಶದ ಹಿಂದೆ ತೂರಿಸಿ, ಕತ್ತನ್ನು ಕೊಕ್ಕರೆಯಂತೆ ಚಾಚಿದ. ಕನ್ನಡಿಯಲ್ಲಿ ರೇಷ್ಮೆ ಕಂಡಿತು. ಇನ್ನಷ್ಟು ಬಾಗಿಸಿದ. ಅವನ ಮೂಗು ಕಂಡಿತು. ಇನ್ನಷ್ಟು ಬಾಗಿಸಿದ. ಹಿಂದೆ ನಿಂತಿದ್ದ ಅತ್ತೆ ಕಂಡರು.

ಸದಾನಂದ ಕೈ ಹಿಂದಕ್ಕೆಳೆದ. ಕನ್ನಡಿ ತಾನಾಗಿ ಲಕ್ಷ್ಮಿಯ ಮುಂದೆ ಬಂದು ನಿಂತಿತು.

"ದರ್ಪಣ ಸೇವೆ!" ಎಂದರು ಸರೋಜಿನಮ್ಮ. "ಮಯೂರಿ, ಬಾ ಇಲ್ಲಿ! ನಿನ್ನ ಗಂಡ ದೇವಿಗೆ ಕನ್ನಡಿ ತೋರಿಸ್ತಾ ಇದ್ದಾರೆ. ಪಾಪ, ಯಾರೂ ಹೇಳಿಕೊಡದೆ!"

ಮಯೂರಿ ಬಂದಳು, ಕನ್ನಡಿ ನೋಡಿದಳು, ಗಂಡನನ್ನು ನೋಡಿದಳು. "ರೀ, ಏನ್ ನಡೀತಿದೆ?" ಎಂದು ಕೇಳಿದಳು. ಸೇವೆ ನಡೀತಿದೆ ಎಂದ ಸದಾನಂದ. ಅಂದಿನಿಂದ ಅವನು ದಿನಾ ಆಫೀಸಿಗೆ ಹೊರಡುವ ಮುನ್ನ, ಅತ್ತೆಯ ಸಮ್ಮುಖದಲ್ಲಿ, ಗಂಟೆ ಬಾರಿಸುತ್ತ ಕನ್ನಡಿ ತೋರಿಸಬೇಕಾಯಿತು. ಕನ್ನಡಿಯ ಮುಖ ದೇವಿಯ ಕಡೆಗೇ ಇರಬೇಕೆಂಬುದು ನಿಯಮ. ಹೀಗಾಗಿ ಅವನಿಗೆ ಕನ್ನಡಿಯ ಹಿಂಬದಿಯ ಪ್ಲಾಸ್ಟಿಕ್ ಮಾತ್ರ ಕಾಣುತ್ತಿತ್ತು.

ಬುಧವಾರ ಸಂಜೆ ಮಧ್ವರಾಜರು ಬಂದರು. ಕುತೂಹಲವೆಂಬುದು ಹಲ್ಲುನೋವಿನಂತೆ, ತಡೆಯಲಾಗದು ಎಂದು ಅವರೇ ಒಪ್ಪಿಕೊಂಡರು. ಜೇಬಿನಲ್ಲಿ ಅವರ ವೃತ್ತಿಯ ಆಯುಧವಿತ್ತು. ಉದ್ದ ಹಿಡಿಯ ತುದಿಗೆ ಗುಂಡಿಯಷ್ಟು ಕನ್ನಡಿ, ಬಾಯೊಳಗೆ ಹಾಕಿ ಹಲ್ಲಿನ ಹಿಂಬದಿ ನೋಡುವಂಥದು.

"ಇದಕ್ಕೆ ಕಾಣದ ಬೆನ್ನಿಲ್ಲ," ಎಂದು ಪಿಸುಗುಟ್ಟಿ ದೇವರ ಗೂಡಿನ ಮುಂದೆ ಬಾಗಿದರು. ಅಭ್ಯಾಸಬಲದಿಂದ ಲಕ್ಷ್ಮಿಗೆ, "ಸ್ವಲ್ಪ ಅಗಲ..." ಎಂದೂ ಅಂದುಬಿಟ್ಟರು. ರೇಷ್ಮೆಯ ಅಂಚು ಸರಿಯಿತು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಬಳೆಯ ಸದ್ದು ಕೇಳಿಸಿತು.

ಐದಡಿ ಹತ್ತಂಗುಲದ ದಂತವೈದ್ಯರು ಒಂದೇ ಉಸಿರಿಗೆ ನೆಲಕ್ಕೆ ಬಿದ್ದರು. ಹಣೆ, ಎದೆ, ಕೈ, ಮೊಣಕಾಲು ಎಲ್ಲ ಒಟ್ಟಿಗೆ ನೆಲ ಮುಟ್ಟಿದವು. ಅಷ್ಟಾಂಗಗಳಲ್ಲಿ ಒಂದೂ ಬಾಕಿ ಉಳಿಯಲಿಲ್ಲ. ಕನ್ನಡಿ ಅಂಗಿಯ ತೋಳಿನೊಳಗೆ ಹೋಯಿತು.

ಸರೋಜಿನಮ್ಮ ಬಾಗಿಲಲ್ಲಿ ನಿಂತುಬಿಟ್ಟರು. ಅವರ ಹಿಂದೆ ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ಪರಮೇಶ್ವರಿ ಅಕ್ಕನೂ ನಿಂತರು. ಕ್ಲಾಂಗ್‌ನಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು ಆಕೆ. ಹತ್ತಾರು ಮಹಡಿಯ ಆ ಇಡೀ ಕಾಂಡೋಮಿನಿಯಮ್ಮಿನ ವಾರ್ತಾ ಇಲಾಖೆ ಆಕೆಯ ಕೈಯಲ್ಲೇ ಇತ್ತು.

"ಇಷ್ಟು ದೊಡ್ಡ ಡಾಕ್ಟರ್!" ಎಂದರು ಸರೋಜಿನಮ್ಮ. "ಇಂಥ ಭಕ್ತಿ ಈಗ ಉಡುಪಿಯಲ್ಲೂ ಇಲ್ಲ."

"ಏನಾಯ್ತು ಡಾಕ್ಟರ್‌ಗೆ?" ಎಂದು ಕೇಳಿದರು ಪರಮೇಶ್ವರಿ ಅಕ್ಕ.

ನೆಲದ ಮೇಲಿನಿಂದಲೇ ಮಧ್ವರಾಜರು, "ಸೊಂಟ ಹಿಡಿದಿದೆ," ಎಂದರು. ಅದು ಆ ವಾರ ಆ ಮನೆಯಲ್ಲಿ ಆಡಿದ ಮೊದಲ ಸತ್ಯ. ಸರೋಜಿನಮ್ಮ ಅವರ ಸೊಂಟಕ್ಕೆ ತೀರ್ಥ ಚಿಮುಕಿಸಿದರು. ಸದಾನಂದ ಎತ್ತಿ ನಿಲ್ಲಿಸಿದ. ನಿಂತರು. ಪರಮೇಶ್ವರಿ ಅಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು, ಕರಿಬೇವನ್ನೂ ಮರೆತು ಹೊರಟುಹೋದರು.

ಗುರುವಾರದ ಹೊತ್ತಿಗೆ, ಹನ್ನೊಂದನೆಯ ಮಹಡಿಯಲ್ಲಿ ಸೊಂಟ ಸರಿಮಾಡುವ ಅಮೆರಿಕದ ಲಕ್ಷ್ಮಿ ಇದ್ದಾಳೆಂಬುದು ಕಾಂಡೋಮಿನಿಯಮ್ಮಿನ ಎರಡು ಬ್ಲಾಕುಗಳಿಗೂ ಗೊತ್ತಾಗಿತ್ತು. ಲಿಫ್ಟಿನಲ್ಲಿ ಜನ ಸೊಂಟ ಹಿಡಿದುಕೊಂಡು ಬರತೊಡಗಿದರು. ಇತ್ತ ಕೀರ್ತಿರಾಜ್ ಸಂಘದ ವಾಟ್ಸಾಪಿನಲ್ಲಿ 'ಸದಾನಂದ ಅವರ ಮನೆಯಲ್ಲಿ ಅಪರೂಪದ ಕಾರ್ಸನ್ ಸಿಟಿ' ಎಂದು ಹಾಕಿದ್ದರಿಂದ ನಾಣ್ಯಪ್ರಿಯರೂ ಬರತೊಡಗಿದರು. ಭಕ್ತರೂ ಬಾಗಿ ನೋಡುತ್ತಿದ್ದರು, ನಾಣ್ಯಪ್ರಿಯರೂ ಬಾಗಿ ನೋಡುತ್ತಿದ್ದರು. ಸರೋಜಿನಮ್ಮನವರಿಗೆ ಎಲ್ಲರೂ ಒಂದೇ. ಭೂತಗಾಜು ಹಿಡಿದವರಿಗೆ ಕಣ್ಣು ಮಂಜೆಂದು ಎರಡು ಚಮಚ ತೀರ್ಥ ಹೆಚ್ಚು ಕೊಟ್ಟರು.

ಸಂಜೆ ಕಾಂಡೋಮಿನಿಯಮ್ಮಿನ ಮ್ಯಾನೇಜರ್ ರಝಾಲಿ ಬಂದ. ಬಾಗಿಲಲ್ಲೇ ಬೂಟು ಬಿಚ್ಚಿ, ಗಂಭೀರವಾಗಿ ನಿಂತ.

"ಬಾಸ್, ಮ್ಯೂಸಿಯಮ್ಮಿನ ವಸ್ತು ಮನೆಯಲ್ಲಿಟ್ಟುಕೊಂಡು ಆಫೀಸಿಗೆ ಹೇಳದಿದ್ದರೆ ಹೇಗೆ ಲಾ? ಏನಾದರೂ ಆದರೆ ನನ್ನ ಕೆಲಸ ಹೋಗತ್ತೆ."

"ಹಾಗೇನಿಲ್ಲ, ಒಂದು ಸಣ್ಣ ನಾಣ್ಯ..."

"ಸಣ್ಣ ನಾಣ್ಯ, ಆದರೆ ಒಂದು ಕಾರು ಅಂತೆ. ಕೆಲವರು ಎರಡು ಕಾರು ಅಂತಾರೆ. ಪಾರ್ಕಿಂಗ್ ಒಂದೇ ಇರೋದು ಬಾಸ್, ಈಗಲೇ ಹೇಳಿಬಿಡ್ತೀನಿ."

ಶುಕ್ರವಾರ ಹಬ್ಬದ ದಿನ ಬಾಗಿಲಿಗೆ ಒಬ್ಬ ಕಾವಲುಗಾರ ಬಂದು ನಿಂತ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಸೆಲ್ಯೂಟ್ ಹೊಡೆದ, ಒಬ್ಬಟ್ಟು ತಿಂದ. ಕೋಸಂಬರಿಯ ಪೊಟ್ಟಣ ಕಟ್ಟಿಸಿಕೊಳ್ಳುವಾಗ "ತಪಾವ್, ತಪಾವ್" ಎಂದು ಸಂತೋಷಪಟ್ಟ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರೋಜಿನಮ್ಮ ಇಷ್ಟು ಜನರನ್ನು ಮೈಸೂರಿನಲ್ಲೂ ಕಂಡಿರಲಿಲ್ಲ. ರೇಷ್ಮೆ ಸೀರೆಯಲ್ಲಿ ಓಡಾಡುತ್ತ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಎಲ್ಲ ನಮ್ಮ ಅಳಿಯಂದಿರ ಭಕ್ತಿಯಿಂದ. ಪಾಪ."

ಭಕ್ತಿಯಿಂದಲೂ ಆ ಪದ ಕಳಚಿರಲಿಲ್ಲ. ನಾಳೆ ಬೆಳಿಗ್ಗೆ ಎರಡು ಸಿ ಕಾಣದಿದ್ದರೆ ಇಡೀ ಕನ್ನಡ ಸಂಘವೇ ಅದನ್ನು ಒಕ್ಕೊರಲಿನಿಂದ ಹೇಳಲಿತ್ತು. ಸದಾನಂದ ತನ್ನ ಪಾಲಿನ ಒಬ್ಬಟ್ಟನ್ನೂ ಕಾವಲುಗಾರನ ಪೊಟ್ಟಣಕ್ಕೆ ಸೇರಿಸಿದ.

ಶನಿವಾರ ಬೆಳಿಗ್ಗೆ ಎಲ್ಲರೂ ಬಂದರು. ಕೀರ್ತಿರಾಜ್ ಚೀಲದಲ್ಲಿ ಶಾಲು ತಂದಿದ್ದ, ಅದನ್ನು ಹಾಗೇ ವಾಪಸ್ ಒಯ್ಯುವ ಆಸೆಯನ್ನೂ ತಂದಿದ್ದ. ಮಧ್ವರಾಜರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದರು. ರಝಾಲಿ ಬೂಟು ಬಿಚ್ಚಿಟ್ಟು, ಪರಮೇಶ್ವರಿ ಅಕ್ಕನ ಪಕ್ಕ ನಿಂತ. ಸರೋಜಿನಮ್ಮ ಮಂಗಳಾರತಿ ಮಾಡಿ, ಕಲಶವನ್ನು ಮೂರು ಸಲ ಅತ್ತಿತ್ತ ಕದಲಿಸಿದರು. ನಾಣ್ಯ ಬಿಚ್ಚಿ, ಕುಂಕುಮ ಒರೆಸಿ, ಅಳಿಯನ ಕೈಗಿಟ್ಟರು.

"ತಕೊಳ್ಳಿ. ಇನ್ನು ಹಿಂದೆ ಮುಂದೆ ಎಲ್ಲ ನೋಡಿ."

ಸದಾನಂದ ಕಣ್ಣು ಮುಚ್ಚಿ ತಿರುಗಿಸಿದ. ಕೀರ್ತಿರಾಜ್ ಭೂತಗಾಜು ಹಿಡಿದು ಬಗ್ಗಿದ.

"ಹದ್ದು ಇದೆ. ಹಾರ ಇದೆ. ಹಾರದ ಬುಡದಲ್ಲಿ..." ಅವನು ತಲೆಯೆತ್ತಿದ. "ಏನ್ರಿ ಇದು?"

ಅಮೆರಿಕದವರ ನಾಣ್ಯಕ್ಕೊಂದು ಗುಣವಿದೆ. ಮುಂದಿನ ಹೆಂಗಸು ನೆಟ್ಟಗಿದ್ದರೆ ಹಿಂದಿನ ಹದ್ದು ತಲೆಕೆಳಗಾಗಿರುತ್ತದೆ. ಆಚಾರಿ ಕೊಂಡಿ ಬೆಸೆದದ್ದು ಲಕ್ಷ್ಮಿಯ ನೆತ್ತಿಗೆ. ಹಿಂದಿನಿಂದ ನೋಡಿದರೆ ಅದು ಸರಿಯಾಗಿ ಹಾರದ ಬುಡ. ಕೊಂಡಿಯ ಬಾಲ ಅಲ್ಲಿಯವರೆಗೂ ಇಳಿದು ಬಂದು, ಅಕ್ಷರ ಇರಬೇಕಾದ ಜಾಗದಲ್ಲಿ ಬೆಸುಗೆಯ ದಪ್ಪ ಬೊಟ್ಟೊಂದು ಕುಳಿತಿತ್ತು.

"ಎಬ್ಬಿಸಿ ನೋಡಿದ್ರಾಯ್ತು," ಎಂದರು ಮಧ್ವರಾಜರು, ಮುಖ ಅರಳಿಸಿ. "ಕಾಲೇಜಿನಲ್ಲಿ ಹಲ್ಲು ಕೊರೆಯುವ ಯಂತ್ರ ಉಂಟು. ನಾಜೂಕಾಗಿ ತೆಗೀತೇನೆ. ಬೇಕಾದ್ರೆ ಮೊದಲು ಎಕ್ಸ್‌ರೇ ತೆಗೆಯುವ."

"ಬೆಳ್ಳಿಗೆ ಎಕ್ಸ್‌ರೇ ತೆಗೆದ್ರೆ ಬಿಳಿ ಉಂಡೆ ಕಾಣತ್ತೆ ಅಷ್ಟೆ. ಕೊಂಡಿ ಕಿತ್ತೇ ನೋಡಬೇಕು," ಎಂದ ಕೀರ್ತಿರಾಜ್. "ಏನಂತೀರಿ ಸದಾನಂದ್? ಕಿತ್ತರೆ ಈಗಲೇ ಗೊತ್ತಾಗತ್ತೆ."

ಎಲ್ಲರೂ ಸದಾನಂದನನ್ನು ನೋಡಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೆ ಸಾಕು. ಇವನಿಗೆ ಸಿಕ್ಕಿದ್ದು ಬೆಳ್ಳಿಯ ಕೊಂಡಿ. ಅವನು ಎದೆ ಸೆಟೆಸಿ, ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ:

"ಇದು ನಮ್ಮತ್ತೆಯ ತವರಿನವರು ಹಾಕಿಸಿದ ಕೊಂಡಿ. ಒಂದು ಕಾರಿನ ಆಸೆಗೆ ನಾನು ಇದನ್ನ ಕೀಳಿಸೋದಿಲ್ಲ."

ಪರಮೇಶ್ವರಿ ಅಕ್ಕ ಕಣ್ಣೊರೆಸಿಕೊಂಡರು. ಪಾರ್ಕಿಂಗ್ ಚಿಂತೆ ಬಿಟ್ಟ ರಝಾಲಿ ಚಪ್ಪಾಳೆ ತಟ್ಟಿದ. ಕೀರ್ತಿರಾಜ್, "ಅಕ್ಷರ ಕಾಣದೆ ಶಾಲು ಹೇಗೆ..." ಎಂದು ರಾಗ ಎಳೆಯುತ್ತ ಚೀಲ ಮುಚ್ಚುವುದರಲ್ಲಿದ್ದ. ಅಷ್ಟರಲ್ಲಿ ಸರೋಜಿನಮ್ಮ, "ದೇವಿಗೆ ತಂದದ್ದಾ? ಕೊಡಿ, ಕೊಡಿ," ಎಂದು ಶಾಲು ಎಳೆದುಕೊಂಡು ಕಲಶಕ್ಕೆ ಹೊದಿಸಿಬಿಟ್ಟರು.

ಅತಿಥಿಗಳು ಹಾಲಿನಲ್ಲಿ ತಿಂಡಿಗೆ ಕುಳಿತರು. ನಾಣ್ಯವನ್ನು ಅತ್ತೆಗೆ ಮರಳಿಸಲು ಸದಾನಂದ ಅಡುಗೆಮನೆಗೆ ಹೋದ. ಸರೋಜಿನಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತ, ಧ್ವನಿ ತಗ್ಗಿಸಿದರು.

"ನೀವು ಕೀಳಿಸದೆ ಇದ್ದದ್ದು ಒಳ್ಳೆದಾಯ್ತು. ನಾನು ಯಾರಿಗೂ ಹೇಳಿರ್ಲಿಲ್ಲ. ಆ ಜಾಗದಲ್ಲೊಂದು ದೋಷ ಇತ್ತು."

"ದೋಷ?"

"ಗರುಡನ ಕೆಳಗೆ ಸಣ್ಣದಾಗಿ ಎರಡು ಚಂದ್ರ. ಪೂರ್ತಿ ಚಂದ್ರ ಅಲ್ಲ, ಚೌತಿಯ ಚಂದ್ರ, ಬಳೆ ಮುರಿದ ಹಾಗೆ. ಒಂದರ ಪಕ್ಕ ಒಂದು, ಎರಡೂ ಒಂದೇ ಕಡೆಗೆ ಬಾಯಿ ತೆರೆದು." ಬೆರಳಿನಿಂದ ಗಾಳಿಯಲ್ಲಿ ಬರೆದೂ ತೋರಿಸಿದರು. "ಚೌತಿ ಚಂದ್ರ ಒಂದು ಕಂಡ್ರೇ ಕಳ್ಳತನದ ಅಪವಾದ ಬರ್ತದೆ, ಇಲ್ಲಿ ಎರಡು! ಮದುವೆಯಾಗಿ ಹೊಸ ಮನೆಗೆ ಹೋಗುವವಳು ನಾನು. ಅತ್ತು ಕರೆದು, ಆಚಾರಿಯ ಹತ್ತಿರ ಅರ ಹಾಕಿಸಿ ಚೆನ್ನಾಗಿ ಉಜ್ಜಿಸಿ ತೆಗೆಸಿದೆ. ಕಲೆ ಕಾಣದ ಹಾಗೆ ಮೇಲಿಂದ ಬೆಸುಗೆಯನ್ನೂ ಹಾಕಿದ, ಪುಣ್ಯಾತ್ಮ."

ಸದಾನಂದನ ಬಾಯಿ ತೆರೆಯಿತು.

ಅವನ ಜೀವಮಾನದಲ್ಲಿ ನೋಡದೆ ಹೇಳಿದ ಮಾತೊಂದು ನಿಜವಾಗಿದ್ದು ಅದೇ ಮೊದಲು. ಹಾಲಿಗೆ ಎಂಟು ಹೆಜ್ಜೆಯೂ ಇರಲಿಲ್ಲ. ಅಲ್ಲಿ ಕೀರ್ತಿರಾಜ್ ಇದ್ದ, ಸಾಕ್ಷಿಗಳಿದ್ದರು, ಶಾಲು ಇನ್ನೂ ಕಲಶದ ಮೇಲೇ ಇತ್ತು. ಇಲ್ಲಿ ಸರೋಜಿನಮ್ಮ, ಒಂದು ಕಾರನ್ನು ಅರದಿಂದ ಉಜ್ಜಿ ಕಾರ್ಕಳದ ಆಚಾರಿಯ ನೆಲಕ್ಕೆ ಉದುರಿಸಿ ಬಂದವರು, ಬಾಯಿ ತೆರೆದು ನಿಂತ ಅಳಿಯನನ್ನೇ ನೋಡುತ್ತಿದ್ದರು. ವಾರದಿಂದ ಅವರ ಮುಖದಲ್ಲಿದ್ದ ಬೆಳಕು ಹಾಗೇ ಇತ್ತು. ಬರಿಯ ಅಂಚಿನಲ್ಲಿ ಒಂದಿಷ್ಟು ಅಳುಕು.

"ತಪ್ಪು ಮಾಡಿದ್ನಾ?" ಎಂದರು.

ಸದಾನಂದ ಬಾಯಿ ಮುಚ್ಚಿದ.

"ಛೆ, ಛೆ. ಒಳ್ಳೇ ಕೆಲಸ ಮಾಡಿದ್ರಿ ಅತ್ತೆ. ಎರಡೆರಡು ಚೌತಿ ಚಂದ್ರ ಇಟ್ಕೊಂಡು ಸಂಸಾರ ಮಾಡೋಕ್ಕಾಗತ್ತಾ?"

ಸರೋಜಿನಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದರು, ಹೊಸದಾಗಿ ಬಂದ ಸಂಬಂಧವನ್ನು ನೋಡುವ ಹಾಗೆ. ಆಮೇಲೆ ಮಗಳಿಗೆ ಕೂಗಿ ಹೇಳಿದರು.

"ಮಯೂರಿ, ಅಳಿಯಂದಿರಿಗೆ ಒಬ್ಬಟ್ಟು ಹಾಕು. ತುಪ್ಪ ಜಾಸ್ತಿ ಹಾಕು. ತಿಳಿವಳಿಕೆ ಇರುವವರು."

ಸದಾನಂದ ಅಭ್ಯಾಸದಂತೆ ಕಾದ. ಒಬ್ಬಟ್ಟು ಬಂತು, ತುಪ್ಪ ಬಂತು, ಆ ಪದ ಬರಲಿಲ್ಲ. ಎಲ್ಲಿ ಹೋಯಿತೆಂದು ಅವನು ಯೋಚಿಸುತ್ತಿರುವಾಗಲೇ ಹಾಲಿನಿಂದ ಮಧ್ವರಾಜರ ಧ್ವನಿ ಕೇಳಿಸಿತು. ಹಲ್ಲು ಕೊರೆಯುವ ಯಂತ್ರದಿಂದ ಬೆಸುಗೆ ಎಬ್ಬಿಸುವುದು ಹೇಗೆಂದು ಅವರು ರಝಾಲಿಗೆ ಇನ್ನೂ ವಿವರಿಸುತ್ತಿದ್ದರು.

ಸರೋಜಿನಮ್ಮ ಆ ಕಡೆ ನೋಡಿ, ತಲೆ ಅಲ್ಲಾಡಿಸಿ, ಇನ್ನೊಂದು ಒಬ್ಬಟ್ಟು ಮಡಚಿದರು.

"ಪಾಪ," ಎಂದರು, "ಆ ಡಾಕ್ಟರಿಗೂ ಒಂದು ಹಾಕು."